ಬಿಸಿಲಿಗೆ ಮನೆಯ ಲೇಪ ಸಾಕೆ?

ಊರು ಬಿಟ್ಟು ಬಂದ ನಮ್ಮಂಥವರ ಸಾಮಾನಿನೊಡನೆ ಕಣ್ಣಿಗೆ ಕಾಣದ ಒಂದು ಗಂಟೂ ಬಂದಿರುತ್ತದೆ. ಅದು ಮನೆಮದ್ದಿನ ಗಂಟು. ನೆಗಡಿಗೆ ಮೆಣಸಿನ ಕಷಾಯ, ಹೊಟ್ಟೆಯುಬ್ಬರಕ್ಕೆ ಓಮದ ನೀರು, ಕೈ ಸುಟ್ಟರೆ ಲೋಳೆಸರ, ಮುಖ ಕಂದಿದರೆ ಕಡಲೆಹಿಟ್ಟು, ಅರಿಶಿನ, ನಿಂಬೆರಸ. ಕೇರಳಕ್ಕೆ ಬಂದು ನೆಲೆಸಿದ ಮೇಲೆ ಈ ಗಂಟಿಗೆ ಇಲ್ಲಿಯ ತೆಂಗಿನೆಣ್ಣೆಯೂ ನಾಲ್ಪಾಮರಾದಿ ತೈಲವೂ ಸೇರಿಕೊಂಡವು. ಇವುಗಳಲ್ಲಿ ಬಹುಪಾಲು ಒಳ್ಳೆಯವೇ. ನಾವು ಅವುಗಳ ವಿರೋಧಿಗಳಲ್ಲ. ಆದರೆ ಬಿಸಿಲಿನ ವಿಷಯದಲ್ಲಿ ಈ ಗಂಟನ್ನು ಬಿಚ್ಚುವ ಮೊದಲು ಎರಡು ಬಾರಿ ಯೋಚಿಸಬೇಕೆಂಬುದನ್ನು ನಾವು ಮಗುವಿನ ಮೈಮೇಲೆ ಕಲಿಯಬೇಕಾಗಿ ಬಂದಿತು. ಇತರ ಮನೆಗಳಲ್ಲಿ ಹಾಗಾಗದಿರಲೆಂದು ಈ ನಾಲ್ಕು ಮಾತುಗಳನ್ನು ಬರೆಯುತ್ತಿದ್ದೇವೆ.

2025ರ ಮಾರ್ಚ್ ತಿಂಗಳು. ಎರ್ನಾಕುಳದಲ್ಲಿ ಆರು ವರ್ಷ ಕಳೆದು ತಿರುವನಂತಪುರಕ್ಕೆ ವರ್ಗವಾಗಿ ಬಂದು ಇನ್ನೂ ವರ್ಷ ತುಂಬಿರಲಿಲ್ಲ. ರಾಜ್ಯದ ವಿಪತ್ತು ನಿರ್ವಹಣಾ ಪ್ರಾಧಿಕಾರದವರು ಆ ಬೇಸಗೆಯಲ್ಲಿ ಬಿಸಿಲಿನ ನೇರಳಾತೀತ ಕಿರಣಗಳ ಸೂಚ್ಯಂಕವನ್ನು ಊರೂರಿಗೆ ಪ್ರಕಟಿಸುತ್ತಿದ್ದರು. ಎಂಟರಿಂದ ಹತ್ತರವರೆಗೆ ಇದ್ದರೆ ಕಿತ್ತಳೆ ಬಣ್ಣದ ಎಚ್ಚರಿಕೆ, ಹನ್ನೊಂದು ದಾಟಿದರೆ ಕೆಂಪು. ಅದೇ ವಾರ ಪರಿಚಯದ ಕೆಲವು ಕನ್ನಡ ಕುಟುಂಬಗಳು ಸೇರಿ ಭಾನುವಾರ ಕೋವಳಂ ಕಡಲತೀರಕ್ಕೆ ಹೋಗುವುದೆಂದು ನಿಶ್ಚಯವಾಗಿತ್ತು.

"ಮಗೂಗೆ ಒಂದು ಸನ್‌ಸ್ಕ್ರೀನ್ ತಂದುಬಿಡಿ ಅಂದ್ರೆ," ಎಂದು ಮನೆಯವರು ಸೂಚಿಸಿದರು.

ಒಳಗಿನಿಂದ ನಮ್ಮ ತಾಯಿಯವರ ಧ್ವನಿ ಬಂತು: "ಆ ಡಬ್ಬಿ ಮದ್ದೆಲ್ಲ ಮಗೂಗೆ ಬೇಡಪ್ಪ. ಏನೇನು ಹಾಕಿರ್ತಾರೋ. ಮನೇಲೇ ಏನಾದ್ರೂ ಕಲಸಿ ಹಚ್ಚೋಣ."

ತಾಯಿಯವರ ಅಂಜಿಕೆ ಆಧಾರವಿಲ್ಲದ್ದೇನೂ ಅಲ್ಲ. ಮಲಪ್ಪುರಂ ಜಿಲ್ಲೆಯಲ್ಲಿ ಮೈಬಣ್ಣ ಬಿಳುಪಾಗಿಸುವ ಲೇಪಗಳನ್ನು ಬಳಸಿದವರಿಗೆ ಮೂತ್ರಪಿಂಡದ ಕಾಯಿಲೆ ಬಂದುದನ್ನು 2023ರಲ್ಲಿ ವೈದ್ಯರು ಗುರುತಿಸಿದ್ದರು. ಅದೇ ವರ್ಷ ಕೇರಳದ ಔಷಧ ನಿಯಂತ್ರಣ ಇಲಾಖೆಯು 'ಆಪರೇಷನ್ ಸೌಂದರ್ಯ' ಎಂಬ ತಪಾಸಣೆಯನ್ನು ಆರಂಭಿಸಿತು. ಕೆಲವು ಲೇಪಗಳಲ್ಲಿ ಮಿತಿಗಿಂತ ಎಷ್ಟೋ ಪಟ್ಟು ಹೆಚ್ಚು ಪಾದರಸ ಸಿಕ್ಕಿತು. ಇಂಥ ಸುದ್ದಿಯನ್ನು ಓದಿದ ಮನೆಯಲ್ಲಿ ಡಬ್ಬಿಗಿಂತ ಅಡಿಗೆಮನೆಯೇ ಮೇಲು ಎನ್ನಿಸಿದರೆ ಆಶ್ಚರ್ಯವಿಲ್ಲ.

ಬಿ.ಎ. ಓದಿದ ನಮ್ಮ ಬುದ್ಧಿಯೂ ಆ ಕಡೆಗೇ ವಾಲಿತು. ಕಾಲು ಬಟ್ಟಲು ತೆಂಗಿನೆಣ್ಣೆ, ಎರಡು ಚಮಚ ಲೋಳೆಸರದ ತಿರುಳು, ಅರ್ಧ ಚಮಚ ಕಸ್ತೂರಿ ಅರಿಶಿನ. ಮುಖ ಕಂದುವುದೂ ತಪ್ಪಲಿ ಎಂದು ಅರ್ಧ ಹೋಳು ನಿಂಬೆಹಣ್ಣು. ಆ ನಿಂಬೆಯನ್ನು ಹಿಂಡಿದವರು ತಾಯಿಯವರಲ್ಲ, ನಾವೇ. ವಾಚಕರು ದಯವಿಟ್ಟು ಇದನ್ನು ಬರೆದಿಟ್ಟುಕೊಳ್ಳಬಾರದು. ಇದು ಮಾಡಕೂಡದ ಲೇಪ. ಹನ್ನೊಂದು ವರ್ಷದ ಮಗಳ ಕತ್ತಿಗೆ, ಕೈಗಳಿಗೆ ಅದನ್ನು ಧಾರಾಳವಾಗಿ ಹಚ್ಚಿ, ಬೆಳಿಗ್ಗೆ ಹತ್ತರಿಂದ ಒಂದೂವರೆಯ ತನಕ ಮರಳಿನಲ್ಲಿ ಆಡಲು ಬಿಟ್ಟೆವು.

ಆ ರಾತ್ರಿ ಮೈ ಕೆಂಪಾಯಿತು. ಮಂಗಳವಾರದ ಹೊತ್ತಿಗೆ ಕತ್ತಿನ ಮೇಲೂ ಮುಂಗೈಯಲ್ಲೂ, ರಸ ಇಳಿದು ಹೋದ ದಾರಿಯೇ ಅಚ್ಚಾದಂತೆ ಗೆರೆಗೆರೆಯಾಗಿ ಬೊಬ್ಬೆಗಳೆದ್ದವು. ಚರ್ಮರೋಗದ ವೈದ್ಯೆಯೊಬ್ಬರಲ್ಲಿಗೆ ಓಡಿದೆವು. ಅವರು ಗೆರೆಗಳನ್ನು ನೋಡಿದವರೇ ಕೇಳಿದ ಮೊದಲ ಪ್ರಶ್ನೆ, "ಬಿಸಿಲಿಗೆ ಹೋಗೋ ಮುಂಚೆ ನಿಂಬೆ ಹಚ್ಚಿದ್ರಾ?" ಎಂಬುದು. ಮನೆಯವರು ನಮ್ಮ ಮುಖ ನೋಡಿದರು. ನಾವು ನೆಲ ನೋಡಿದೆವು.

ಬೊಬ್ಬೆಗಳು ಹತ್ತು ದಿನದಲ್ಲಿ ಒಣಗಿದವು. ಆದರೆ ಅವು ಬಿಟ್ಟುಹೋದ ಕಪ್ಪು ಗೆರೆಗಳು ಆ ವರ್ಷದ ಓಣಂ ಹಬ್ಬದವರೆಗೂ ಉಳಿದಿದ್ದವು. ಮೇ ತಿಂಗಳಲ್ಲಿ ಊರಿನ ಮದುವೆಗೆ ಹೋದಾಗ ಎಲ್ಲರೂ "ಇದೇನೇ ಕತ್ತಿಗೆ?" ಎಂದು ಕೇಳಿ ಕೇಳಿ, ಮಗು ಫೋಟೋ ತೆಗೆಯುವ ಹೊತ್ತಿಗೆ ಹಿತ್ತಿಲಿಗೆ ಹೋಗಿ ನಿಂತಿತು. ಅದನ್ನು ನಾವು ಮರೆತಿಲ್ಲ.

ಗಿಡಮೂಲಿಕೆಯೂ ಬಿಸಿಲೂ

ಇದಕ್ಕೆ ಕಾರಣವನ್ನು ವೈದ್ಯೆಯವರು ಸರಳವಾಗಿ ವಿವರಿಸಿದರು. ನಿಂಬೆಯ ರಸದಲ್ಲಿ, ಅದಕ್ಕಿಂತ ಹೆಚ್ಚಾಗಿ ಸಿಪ್ಪೆಯಲ್ಲಿ, ಸೋರಲೆನ್ ಜಾತಿಯ ಕೆಲವು ವಸ್ತುಗಳಿವೆ. ನೆರಳಿನಲ್ಲಿ ಅವು ಸುಮ್ಮನಿರುತ್ತವೆ. ಬಿಸಿಲಿನ ನೇರಳಾತೀತ ಕಿರಣ ತಗುಲಿದೊಡನೆ ಚುರುಕಾಗಿ ಚರ್ಮದ ಕಣಗಳನ್ನು ಸುಡುತ್ತವೆ. ಸುಟ್ಟದ್ದು ಆ ಕ್ಷಣದಲ್ಲಿ ತಿಳಿಯುವುದಿಲ್ಲ. ಒಂದು ದಿನ ಬಿಟ್ಟು, ಎರಡು ಮೂರನೆಯ ದಿನಕ್ಕೆ ಜೋರಾಗುತ್ತದೆ. ಆದ್ದರಿಂದಲೇ ಎಷ್ಟೋ ಮಂದಿಗೆ ಇದು ನಿಂಬೆಯ ಕೆಲಸವೆಂದು ಹೊಳೆಯುವುದೇ ಇಲ್ಲ.

ನಮ್ಮ ಹಿರಿಯರಿಗೆ ಈ ಸಂಗತಿ ಬೇರೊಂದು ರೂಪದಲ್ಲಿ ತಿಳಿದಿತ್ತು. ತೊನ್ನಿಗೆ ಬಾವಂಚಿ ಬೀಜವನ್ನು ಅರೆದು ಹಚ್ಚಿ ಎಳೆಬಿಸಿಲಿಗೆ ಕೂರಿಸುವುದು ಆಯುರ್ವೇದದ ಹಳೆಯ ಚಿಕಿತ್ಸೆ. ಆ ಬಾವಂಚಿಯ ಸಸ್ಯಶಾಸ್ತ್ರದ ಹೆಸರು ಸೋರಾಲಿಯಾ. ಸೋರಲೆನ್ ಎಂಬ ಹೆಸರು ಬಂದುದೇ ಅದರಿಂದ. ಬಿಳಿಯ ಕಲೆಗೆ ಬಣ್ಣ ತರಲು ವೈದ್ಯರು ಅಳೆದು ತೂಗಿ ಬಳಸುತ್ತಿದ್ದ ಗುಣವನ್ನು ನಾವು ಅರಿಯದೆ ಆರೋಗ್ಯವಾದ ಚರ್ಮಕ್ಕೆ ಹಿಂಡಿದ್ದೆವು. ಗಿಡದಿಂದ ಬಂದದ್ದೆಲ್ಲ ಬಿಸಿಲನ್ನು ತಡೆಯುವುದಿಲ್ಲ. ಕೆಲವು ಬಿಸಿಲನ್ನು ಕರೆದು ಕೂರಿಸುತ್ತವೆ. ಬೇಸಗೆಯಲ್ಲಿ ನಿಂಬೆ ಪಾನಕ ಮಾಡಿದವರು ಕೂಡ ಸಾಬೂನಿನಿಂದ ಕೈ ತೊಳೆದುಕೊಂಡೇ ಬಿಸಿಲಿಗೆ ಹೋಗುವುದು ಒಳ್ಳೆಯದು.

ಇನ್ನು ಅರಿಶಿನ. ಇದಕ್ಕೆ ಪ್ರಯೋಗಾಲಯವೇ ಬೇಡ, ನಮ್ಮ ಮನೆಯ ಒಣಗುವ ಹಗ್ಗ ಸಾಕು. ಬಿಳಿಯ ಪಂಚೆಗೆ ಸಾರಿನ ಕಲೆಯಾದರೆ, ಒಗೆದ ಮೇಲೂ ಉಳಿದ ಹಳದಿ ಬಣ್ಣ ಬಿಸಿಲಿನಲ್ಲಿ ಒಣಹಾಕಿದಾಗ ತಾನಾಗಿ ಮಾಯವಾಗುತ್ತದೆಂದು ಯಾವ ಗೃಹಿಣಿಗೆ ಗೊತ್ತಿಲ್ಲ? ಬಿಸಿಲು ಅರಿಶಿನದ ಬಣ್ಣವನ್ನೇ ಒಡೆದುಹಾಕುತ್ತದೆ. ಬಿಸಿಲಿನ ಮುಂದೆ ತಾನೇ ನಿಲ್ಲಲಾರದ ವಸ್ತು ನಮ್ಮ ಮುಖವನ್ನು ಹೇಗೆ ಕಾಯೀತು?

ತೆಂಗಿನೆಣ್ಣೆಯ ಪರವಾಗಿ ವಾದಿಸುವವರು ಬಹಳ. ಅವರು ತೋರಿಸುವ ಆಧಾರವೂ ಒಂದುಂಟು. ರಾಯಪುರದ ಸಂಶೋಧಕರು 2010ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ ತೆಂಗಿನೆಣ್ಣೆಗೆ ಸುಮಾರು 7, ಹರಳೆಣ್ಣೆಗೆ ಸುಮಾರು 5.7, ಎಳ್ಳೆಣ್ಣೆಗೆ ಎರಡಕ್ಕೂ ಕಡಿಮೆ 'ಎಸ್‌ಪಿಎಫ್' ಅಂಕ ಬಂದಿತ್ತು. ಎಸ್‌ಪಿಎಫ್ ಎಂದರೆ ಚರ್ಮ ಸುಡುವ ಕಿರಣಗಳನ್ನು ಲೇಪ ಎಷ್ಟು ತಡೆಯುತ್ತದೆಂಬ ಅಳತೆ. ಅಂಕ 30 ಆದರೆ ಅಂಥ ಕಿರಣಗಳ ಮೂವತ್ತರಲ್ಲೊಂದು ಪಾಲು, ಅಂದರೆ ನೂರಕ್ಕೆ ಸುಮಾರು ಮೂರು ಮಾತ್ರ ಒಳಗೆ ಇಳಿಯುತ್ತದೆ. 7 ಆದರೆ ನೂರಕ್ಕೆ ಹದಿನಾಲ್ಕು. ಆ ಏಳು ಕೂಡ ಎಣ್ಣೆಯನ್ನು ಮದ್ಯಸಾರದಲ್ಲಿ ಕರಗಿಸಿ ಗಾಜಿನ ಕೋಶದಲ್ಲಿಟ್ಟು ಅಳೆದದ್ದು, ಬೆವರುವ ಮೈಮೇಲೆ ಅಳೆದದ್ದಲ್ಲ. 2016ರಲ್ಲಿ ಅಮೆರಿಕದಿಂದ ಪ್ರಕಟವಾದ ಇನ್ನೊಂದು ಪರೀಕ್ಷೆಯಲ್ಲಿ ಇಂಥ ಎಣ್ಣೆ ಮತ್ತು ರಸಗಳ ರಕ್ಷಣೆ ಲೆಕ್ಕಕ್ಕೆ ಬಾರದಷ್ಟು ಅಲ್ಪವೆಂದೇ ಕಂಡುಬಂತು. ವೈದ್ಯರು ಹೇಳುವುದು ಕನಿಷ್ಠ 30.

ಕೆಲವರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಸತುವಿನ ಆಕ್ಸೈಡಿನ ಪುಡಿ ತರಿಸಿ ಎಣ್ಣೆಯಲ್ಲಿ ಕಲಸುವುದುಂಟು. ಟೀವಿಯಲ್ಲಿ ಕ್ರಿಕೆಟ್ ಆಟಗಾರರು ಮೂಗಿಗೂ ತುಟಿಗೂ ಬೆಳ್ಳಗೆ ಬಳಿದುಕೊಳ್ಳುವುದು ಇದನ್ನೇ. ಈ ವಸ್ತು ಬಿಸಿಲನ್ನು ತಡೆಯುವುದು ನಿಜ. ಆದರೆ ಕಾರ್ಖಾನೆಯಲ್ಲಿ ಯಂತ್ರದಿಂದ ಅದನ್ನು ಸಮನಾಗಿ ಹರಡಿಸುತ್ತಾರೆ. ನಮ್ಮ ಚಮಚದಲ್ಲಿ ಅದು ಗಂಟುಗಂಟಾಗಿ ಉಳಿಯುತ್ತದೆ. ಗಂಟು ಇದ್ದಲ್ಲಿ ರಕ್ಷಣೆ, ಪಕ್ಕದಲ್ಲಿ ಬಟ್ಟಬಯಲು. ಎಷ್ಟು ಅಂಕದ ಲೇಪವಾಯಿತೆಂದು ಅಳೆಯಲು ಮನೆಯಲ್ಲಿ ಸಾಧನವೂ ಇಲ್ಲ. ಪುಡಿ ಹಾರಿ ಮೂಗಿಗೆ ಹೋಗುವುದು ಬೇರೆ. ಜನ ಪರಸ್ಪರ ಹಂಚಿಕೊಳ್ಳುವ ಮನೆಯ ಸನ್‌ಸ್ಕ್ರೀನ್ ವಿಧಾನಗಳನ್ನು ಅಮೆರಿಕದಲ್ಲಿ ಸಂಶೋಧಕರು ಪರಿಶೀಲಿಸಿ 2019ರಲ್ಲಿ ವರದಿ ಮಾಡಿದಾಗ, ನೂರರಲ್ಲಿ ಅರವತ್ತೆಂಟು ಸಾಕಷ್ಟು ರಕ್ಷಣೆ ಕೊಡಲಾರದವು ಎಂದು ತಿಳಿದುಬಂತು. ನಮ್ಮ ಮನೆಯ ತಪ್ಪು ನಮ್ಮೊಬ್ಬರದೇ ಅಲ್ಲವೆಂಬುದು ಅಷ್ಟರಮಟ್ಟಿಗೆ ಸಮಾಧಾನ.

ಇಲ್ಲಿಯ ಬಿಸಿಲು ಎಂಥದು?

ತಿರುವನಂತಪುರ ಭೂಮಧ್ಯರೇಖೆಯಿಂದ ಎಂಟೂವರೆ ಡಿಗ್ರಿ ಉತ್ತರಕ್ಕಿದೆ, ಕೊಚ್ಚಿ ಸುಮಾರು ಹತ್ತು ಡಿಗ್ರಿ. ಆದ್ದರಿಂದ ಸೂರ್ಯ ವರ್ಷಕ್ಕೆ ಎರಡು ಬಾರಿ ಈ ಊರುಗಳ ನೆತ್ತಿಯ ಮೇಲೆ ನೇರವಾಗಿ ಬರುತ್ತಾನೆ: ಒಮ್ಮೆ ಏಪ್ರಿಲ್ ನಡುವೆ, ವಿಷು ಹಬ್ಬದ ಆಸುಪಾಸಿನಲ್ಲಿ, ಇನ್ನೊಮ್ಮೆ ಆಗಸ್ಟ್ ಕೊನೆಯ ಹೊತ್ತಿಗೆ, ಓಣಂ ಸಮೀಪದಲ್ಲಿ. ವಿಷುವಿನ ದಿನ ಮಧ್ಯಾಹ್ನ ಹನ್ನೆರಡೂವರೆಯ ಸುಮಾರಿಗೆ ಅಂಗಳದ ಕಂಬವನ್ನು ನೋಡಿ. ಅದಕ್ಕೆ ನೆರಳೇ ಇರುವುದಿಲ್ಲವೆನ್ನಬಹುದು. ಇದರಿಂದ ಮಕ್ಕಳಿಗೂ ಹೇಳಿಕೊಡಬಹುದಾದ ಒಂದು ಸುಲಭ ಲೆಕ್ಕ ಸಿಗುತ್ತದೆ. ನಿಮ್ಮ ನೆರಳು ನಿಮಗಿಂತ ಗಿಡ್ಡವಾಗಿದ್ದರೆ ಬಿಸಿಲು ಕಟುವಾಗಿದೆ, ನೆರಳಿಗೆ ಸರಿಯಿರಿ. ಉದ್ದವಾಗಿದ್ದರೆ ಅಷ್ಟು ಭಯವಿಲ್ಲ.

ಸೆಕೆಯೇ ಬೇರೆ, ಸುಡುವ ಕಿರಣವೇ ಬೇರೆ ಎಂಬುದನ್ನೂ ನೆನಪಿಡಬೇಕು. ಎರ್ನಾಕುಳದಿಂದ ಫೋರ್ಟ್ ಕೊಚ್ಚಿಗೆ ದೋಣಿಯಲ್ಲಿ ಹೋಗುವಾಗ ತಣ್ಣನೆಯ ಗಾಳಿ ಬೀಸಿ ಬಿಸಿಲೇ ತಿಳಿಯುವುದಿಲ್ಲ. ಆದರೆ ಕಿರಣಗಳು ಮೇಲಿನಿಂದಲ್ಲದೆ ನೀರಿನಿಂದಲೂ ಚಿಮ್ಮಿ ಬರುತ್ತವೆ. ಒಣ ಮರಳು ಇನ್ನೂ ಹೆಚ್ಚು, ನೂರಕ್ಕೆ ಹದಿನೈದರಷ್ಟು ಕಿರಣಗಳನ್ನು ಹಿಂದಕ್ಕೆಸೆಯುತ್ತದೆ. ಬೆಟ್ಟ ಹತ್ತಿದರೆ ಸಾವಿರ ಮೀಟರಿಗೆ ನೂರಕ್ಕೆ ಸುಮಾರು ಹತ್ತರಂತೆ ಕಿರಣ ಏರುತ್ತದೆ. ರಜೆಗೆ ಮುನ್ನಾರಿಗೆ ಹೋದವರು ತಂಪಿದೆಯೆಂದು ಮೈಮರೆಯಬಾರದು. ತೆಳು ಮೋಡವೂ ಪೂರ್ತಿ ತಡೆಯಲಾರದು.

ಮನೆಯಲ್ಲಿ ಮಾಡಬಹುದಾದದ್ದು

ಹಾಗಾದರೆ ಬಿಸಿಲಿಗೆ ಮನೆಯ ಉಪಾಯವೇ ಇಲ್ಲವೇ ಎಂದು ಸೋದರಿಯರು ಕೇಳಬಹುದು. ಧಾರಾಳವಾಗಿ ಉಂಟು. ಆದರೆ ಅದು ಬಟ್ಟಲಲ್ಲಿ ಕಲಸುವಂಥದಲ್ಲ.

ಮೊದಲನೆಯದು ಕೊಡೆ. ಓಣಂ ದಿನ ಬರುವ ಮಹಾಬಲಿಯ ಕೈಯಲ್ಲಿ ಓಲೆಗೊಡೆಯಿಲ್ಲದ ಚಿತ್ರವನ್ನು ಯಾರೂ ನೋಡಿರಲಾರರು. ತಿರುವನಂತಪುರಕ್ಕೂ ಕೊಚ್ಚಿಗೂ ನಡುವಿನ ಆಲಪ್ಪುಳ ಇಂದಿಗೂ ಕೊಡೆಗಳಿಗೆ ಹೆಸರಾದ ಊರು. ಇಲ್ಲಿ ಗಂಡಸರೂ ನಾಚಿಕೆಯಿಲ್ಲದೆ ಬಿಸಿಲಿಗೆ ಕೊಡೆ ಹಿಡಿಯುತ್ತಾರೆ; ನಾವು ಮಾತ್ರ ಮಳೆಗೆ ತೆಗೆದಿಡುತ್ತೇವೆ. 2013ರಲ್ಲಿ ಅಮೆರಿಕದ ಅಟ್ಲಾಂಟಾದಲ್ಲಿ ಕೊಡೆಗಳನ್ನು ಪರೀಕ್ಷಿಸಿದಾಗ ಎಲ್ಲವೂ ನೂರಕ್ಕೆ 77ಕ್ಕಿಂತ ಹೆಚ್ಚು ನೇರಳಾತೀತ ಕಿರಣಗಳನ್ನು ತಡೆದವು. ಕಪ್ಪು ಕೊಡೆಗಳು 90ಕ್ಕಿಂತ ಹೆಚ್ಚು. ಕಡಲತೀರದಲ್ಲಿ ಮಾತ್ರ ಕೊಡೆಯೊಂದೇ ಸಾಲದು. 2017ರಲ್ಲಿ ಪ್ರಕಟವಾದ ಟೆಕ್ಸಸ್‌ನ ಪ್ರಯೋಗವೊಂದರಲ್ಲಿ ಮೂರೂವರೆ ಗಂಟೆ ದೊಡ್ಡ ಕೊಡೆಯಡಿ ಕುಳಿತವರಲ್ಲಿ ನೂರಕ್ಕೆ 78 ಮಂದಿಗೆ ಚರ್ಮ ಕೆಂಪಾಯಿತು. ಒಳ್ಳೆಯ ಸನ್‌ಸ್ಕ್ರೀನ್ ಹಚ್ಚಿಕೊಂಡವರಲ್ಲಿ 25 ಮಂದಿಗೆ. ಅಲ್ಲಿಗೆ ಹೋಗುವಾಗ ಕೊಡೆ, ತೋಳುಬಟ್ಟೆ, ಲೇಪ ಮೂರೂ ಬೇಕು.

ಎರಡನೆಯದು ಬಟ್ಟೆ. ಯಾವ ಬಟ್ಟೆ ಬಿಸಿಲನ್ನು ತಡೆಯುತ್ತದೆಂದು ತಿಳಿಯಲು ಅದನ್ನು ಕಿಟಕಿಗೆ ಹಿಡಿದು ನೋಡಿ. ಬೆಳಕು ಬಂದಷ್ಟೂ ಕಿರಣವೂ ಬರುತ್ತದೆ. ಇಲ್ಲಿಯ ತೆಳು ಬಿಳಿಯ ಕೈಮಗ್ಗದ ಬಟ್ಟೆ ಸೆಕೆಗೆ ಹಿತ, ಕಿರಣಕ್ಕೆ ದುರ್ಬಲ. ಒದ್ದೆಯಾದರೆ ಇನ್ನೂ ದುರ್ಬಲ. ಒತ್ತಾಗಿ ನೇಯ್ದ, ಗಾಢ ಬಣ್ಣದ, ಸಡಿಲವಾದ ತುಂಬು ತೋಳಿನ ಅಂಗಿ ಮಕ್ಕಳಿಗೆ ಉತ್ತಮ.

ಮೂರನೆಯದು ಟೊಪ್ಪಿ. ತುಳುನಾಡು, ಕಾಸರಗೋಡುಗಳಿಂದ ಬಂದ ನಮ್ಮವರಿಗೆ ಅಡಿಕೆ ಹಾಳೆಯ ಮುಟ್ಟಾಳೆಯನ್ನು ಪರಿಚಯಿಸಬೇಕಾಗಿಲ್ಲ. ಮಲೆಯಾಳಿಗಳಲ್ಲೂ ಅದೇ ಉಂಟು, ಹೆಸರು ಪಾಳತ್ತೊಪ್ಪಿ. ಮನೆಯಲ್ಲಿ ಮಾಡಿದ ನಿಜವಾದ ಬಿಸಿಲುತಡೆಯೆಂದರೆ ಅದು! ನೆತ್ತಿಯನ್ನು ಅದು ಚೆನ್ನಾಗಿ ಕಾಯುತ್ತದೆ; ಕಿವಿ, ಕತ್ತುಗಳಿಗೂ ನೆರಳು ಬೇಕಾದರೆ ಅಗಲವಾದ ಅಂಚಿನ ಟೊಪ್ಪಿ ಬೇಕು.

ನಾಲ್ಕನೆಯದು ಹೊತ್ತು. ಕೇರಳದ ಕಾರ್ಮಿಕ ಇಲಾಖೆಯು ಬೇಸಗೆಯಲ್ಲಿ ಬಯಲಲ್ಲಿ ದುಡಿಯುವವರಿಗೆ ಮಧ್ಯಾಹ್ನ 12ರಿಂದ 3ರವರೆಗೆ ವಿಶ್ರಾಂತಿ ಕೊಡಿಸುತ್ತದೆ. ಮನೆಯವರಿಗೆ ಆ ಆಜ್ಞೆಯನ್ನು ಹೊರಡಿಸುವವರು ಯಾರು? ಮಳೆಗಾಲಕ್ಕೆ ಮುಂಚೆ ತಾರಸಿಯ ಮೇಲೆ ಹಪ್ಪಳ ಸಂಡಿಗೆ ಹಾಕುವ ನಮ್ಮ ಹೆಂಗಸರು ನಡುಹಗಲಿನಲ್ಲೇ ಹತ್ತು ಸಲ ಮೇಲೆ ಹತ್ತುತ್ತಾರೆ. ಒಂಬತ್ತರೊಳಗೆ ಹರಡಿ, ಬಲೆ ಹೊದಿಸಿ, ನಾಲ್ಕರ ಮೇಲೆ ತೆಗೆದರೆ ಸಂಡಿಗೆಗೆ ಏನೂ ಕೊರತೆಯಾಗದು.

ಇಷ್ಟಾದ ಮೇಲೂ ಮುಖ, ಕತ್ತು, ಕೈಗಳು ಉಳಿಯುತ್ತವೆ. ಅವುಗಳಿಗೆ ಅಂಗಡಿಯ ಸನ್‌ಸ್ಕ್ರೀನೇ ಸರಿ. ಬಿಳುಪಿನ ಲೇಪ ಬೇರೆ, ಇದು ಬೇರೆ; ಮೊದಲನೆಯದರ ಪಾಪವನ್ನು ಎರಡನೆಯದರ ತಲೆಗೆ ಕಟ್ಟಬಾರದು. ತಯಾರಕರ ಲೈಸೆನ್ಸ್ ಸಂಖ್ಯೆ, ಅವಧಿಯ ದಿನಾಂಕ, ಎಸ್‌ಪಿಎಫ್ 30 ಅಥವಾ ಹೆಚ್ಚು ಎಂಬುದನ್ನು ನೋಡಿ ಕೊಳ್ಳಬೇಕು. ಮುಖಕ್ಕೂ ಕತ್ತಿಗೂ ಸೇರಿ ಎರಡು ಬೆರಳುದ್ದ ಹಚ್ಚಬೇಕು. ಕಡಲೆಕಾಳಿನಷ್ಟು ಸವರಿದರೆ ಡಬ್ಬಿಯ ಮೇಲಿನ ಅಂಕ ಸಿಗುವುದಿಲ್ಲ. ಎರಡು ಗಂಟೆಗೊಮ್ಮೆ, ಬೆವರಿದರೆ ಇನ್ನೂ ಬೇಗ, ಮತ್ತೆ ಹಚ್ಚಬೇಕು. ಆರು ತಿಂಗಳೊಳಗಿನ ಕೂಸಿಗೆ ನೆರಳೇ ಲೇಪ.

ಬಿಸಿಲಿನಿಂದ ಬಂದ ಮೇಲೆ

ನಮ್ಮ ಮನೆಮದ್ದಿನ ಗಂಟಿಗೆ ಮರ್ಯಾದೆ ಇರುವುದು ಇಲ್ಲಿ. ಬಿಸಿಲಿನಿಂದ ಬಂದು ಚರ್ಮ ಬಿಸಿಯಾಗಿದ್ದರೆ ಮೊದಲು ತಣ್ಣೀರಿನ ಒದ್ದೆಬಟ್ಟೆ ಹಾಕಿ. ಆ ಉರಿಯ ಮೇಲೆ ಒಡನೆಯೇ ಎಣ್ಣೆ ಸುರಿಯಬೇಡಿ. ಆಮೇಲೆ ಲೋಳೆಸರ ಹಚ್ಚಬಹುದು. ಎಲೆಯನ್ನು ಕತ್ತರಿಸಿ, ಕತ್ತರಿಸಿದ ತುದಿ ಕೆಳಗಾಗಿ ಹದಿನೈದು ನಿಮಿಷ ನಿಲ್ಲಿಸಿದರೆ ಹಳದಿಯ ಸೊನೆ ಇಳಿದುಹೋಗುತ್ತದೆ. ಆ ಸೊನೆ ಚರ್ಮಕ್ಕೆ ಒಳ್ಳೆಯದಲ್ಲ. ಬಳಿಕ ತೊಳೆದು, ಸಿಪ್ಪೆ ತೆಗೆದು, ತಿರುಳನ್ನಷ್ಟೇ ಮಸೆದು ಹಚ್ಚಿ. ಮೊದಲ ಬಾರಿಯಾದರೆ ಮೊಣಕೈ ಒಳಭಾಗದಲ್ಲಿ ಸ್ವಲ್ಪ ಹಚ್ಚಿ ಒಂದು ದಿನ ಕಾದು ನೋಡಿ. ಉಳಿದದ್ದನ್ನು ತಂಪುಪೆಟ್ಟಿಗೆಯಲ್ಲಿ ಎರಡು ದಿನಕ್ಕಿಂತ ಹೆಚ್ಚು ಇಡಬೇಡಿ. ಬೊಬ್ಬೆ ಎದ್ದರೆ, ಜ್ವರ ಬಂದರೆ ಮದ್ದು ಹುಡುಕದೆ ವೈದ್ಯರಲ್ಲಿಗೆ ಹೋಗಿ.

ಅತ್ತಿ, ಇತ್ತಿ, ಅರಳಿ, ಆಲ ಎಂಬ ನಾಲ್ಕು ಮರಗಳ ತೊಗಟೆಯಿಂದ ಮಾಡುವ ನಾಲ್ಪಾಮರಾದಿ ತೈಲವನ್ನು ಇಲ್ಲಿಯವರು ಹಚ್ಚುವುದು ಸ್ನಾನಕ್ಕೆ ಮುಂಚೆ, ಬಿಸಿಲಿಗೆ ಮುಂಚೆಯಲ್ಲ. ತೆಂಗಿನೆಣ್ಣೆಯೂ ಸ್ನಾನದ ಹೊತ್ತಿನಲ್ಲೇ ಒಣಚರ್ಮಕ್ಕೆ ಹಿತಕರ. ಹಿರಿಯರು ಹೊತ್ತನ್ನು ಸರಿಯಾಗಿಯೇ ಗೊತ್ತುಮಾಡಿದ್ದರು. ಹೊತ್ತು ತಪ್ಪಿಸಿದವರು ನಾವು.

ಕೊನೆಯದಾಗಿ ಒಂದು ಮಾತು. ನಾವು ಆ ಲೇಪಕ್ಕೆ ನಿಂಬೆ ಹಿಂಡಿದ್ದು ಮಗಳ ಮೈ ಸುಡದಿರಲೆಂದಲ್ಲ, ಕಪ್ಪಾಗದಿರಲೆಂದು. ಕಂದು ಬಣ್ಣವೆಂಬುದು ರೋಗವಲ್ಲ. ಬಿಸಿಲಿನ ನಾಡಿನವರಿಗೆ ಚರ್ಮವೇ ಹೊದಿಸಿದ ಸಹಜವಾದ ಕೊಡೆ ಅದು, ಸಂಪೂರ್ಣವಲ್ಲದಿದ್ದರೂ. ಆ ಒಂದು ಹೋಳಿನಲ್ಲಿದ್ದ ನಮ್ಮ ಆಸೆಗೆ ಮಗು ಐದು ತಿಂಗಳು ಬೆಲೆ ತೆತ್ತಿತು.

ಈಗ ನಮ್ಮ ಮನೆಯ ಬಾಗಿಲ ಹಿಂದೆ ಮೂರು ಕಪ್ಪು ಕೊಡೆಗಳು ತೂಗುತ್ತಿವೆ. ಶಾಲೆಯಿಂದ ಬಂದ ಮಗಳು ತನ್ನ ನೆರಳು ಎಷ್ಟುದ್ದವಿತ್ತೆಂದು ಅಜ್ಜಿಗೆ ವರದಿ ಒಪ್ಪಿಸುತ್ತಾಳೆ. ಅಜ್ಜಿ ನಿಂಬೆ ಪಾನಕ ಮಾಡಿ ಕೊಟ್ಟು, "ಕುಡಿದು ಕೈ ತೊಳ್ಕೋ" ಎನ್ನುತ್ತಾರೆ. ವಿಷು ಬರುವ ಮುನ್ನ ನಮ್ಮ ಎಲ್ಲ ಕನ್ನಡದ ಮನೆಗಳಲ್ಲೂ ಕೊಡೆಗಳು ಅಟ್ಟದಿಂದ ಇಳಿಯಲಿ ಎಂದು ಹಾರೈಸುತ್ತೇವೆ.